ಕೆಮ್ಮು ತೆಗೆದ ಕ್ಯಾಸೆಟ್ಟು

೧೯೮೬ರಲ್ಲಿ ಗಂಗಾವತಿಯ ಧ್ವನಿಶುದ್ಧಿ ಸಮಿತಿಯು ಒಂದು ಕೆಮ್ಮನ್ನು ಸರ್ವಾನುಮತದಿಂದ ರದ್ದುಪಡಿಸಿತು.

ಸದರಿ ಕೆಮ್ಮು ಮರ್ದಾನಸಾಬರ ಬ್ಯಾಂಡ್ ಕಂಪನಿಯ ಡ್ರಮ್ ವಾದಕ ಖಾಜಾಸಾಬರದು. ಅದಕ್ಕೂ ಹನ್ನೆರಡು ವರ್ಷ ಮೊದಲು ಕಂಪನಿಯವರು ಸ್ಯಾಕ್ಸೋಫೋನಿಗೆ ಎಲೆಕ್ಟ್ರಿಕ್ ಗಿಟಾರು ಕೂಡಿಸಿ ಜಾಝ್-ರಾಕ್ ರೆಕಾರ್ಡು ಮಾಡಿದ್ದರು. ಅದರಲ್ಲಿ ಸ್ಯಾಕ್ಸೋಫೋನು ನಿಂತ ಕಡೆ ಖಾಜಾಸಾಬರು ಒಮ್ಮೆ ಕೆಮ್ಮಿ, ಆಮೇಲೆ ಡ್ರಮ್ಮಿನ ಮೇಲೆ ಮುಗಿಬೀಳುತ್ತಾರೆ. ಎಂಥಾ ಹುಮ್ಮಸ್ಸು ಅದು! ಸುತ್ತಿನ ಮದುವೆಗಳಲ್ಲಿ ಆ ರೆಕಾರ್ಡು ಹಾಕಿ, ಕೆಮ್ಮು ಕೇಳಿದೊಡನೆ ವಧೂವರರ ಮೇಲೆ ಅಕ್ಕಿಕಾಳು ಬೀಳುವುದು ರೂಢಿಯಾಯಿತು. ಮಂತ್ರ ಮುಗಿಸಿದ ಅಯ್ಯನವರೂ ಕೆಮ್ಮಿಗಾಗಿ ಕಾಯುತ್ತಿದ್ದರು. ನನ್ನ ಮದುವೆ ಊರ್ಜಿತವಾದದ್ದೂ ಅದರಿಂದಲೇ.

ಸಮಿತಿಯ ಅಧ್ಯಕ್ಷ ಹಂಪಣ್ಣನವರು ರೆಕಾರ್ಡನ್ನು ದೋಷಮುಕ್ತಗೊಳಿಸಿ ಕ್ಯಾಸೆಟ್ಟಾಗಿ ಹೊರತಂದರು. ಹಳೆಯ ರೆಕಾರ್ಡು ಒಪ್ಪಿಸಿದವರಿಗೆ ಮಾತ್ರ ಹೊಸ ಕ್ಯಾಸೆಟ್ಟು. ಒಪ್ಪಿಸಿದ್ದನ್ನು ಸಮಿತಿಯ ಸಮಕ್ಷಮ ಒಡೆಯತಕ್ಕದ್ದು. ಜನ ಖುಷಿಯಿಂದ ಒಪ್ಪಿಸಿದರು, ಸಮಿತಿ ಇನ್ನೂ ಖುಷಿಯಿಂದ ಒಡೆಯಿತು.

ಕ್ಯಾಸೆಟ್ಟನ್ನು ಮೊದಲು ಹಾಕಿದ್ದು ಸಿದ್ದಾಪುರದ ಕಳಕಪ್ಪನವರ ಮಗಳು ಪಂಪಾವತಿಯ ಮದುವೆಯಲ್ಲಿ. ಹಾಡು ಮುಗಿಯಿತು, ಕೆಮ್ಮು ಬರಲಿಲ್ಲ. ಜನ ಮುಷ್ಟಿಯಲ್ಲಿ ಅಕ್ಕಿ, ವರ ಕೈಯಲ್ಲಿ ತಾಳಿ ಹಿಡಿದು ನಿಂತೇ ಇದ್ದರು. ಮುಹೂರ್ತ ಮೀರುತ್ತಿತ್ತು.

"ಕೆಮ್ಮಿಲ್ಲದ ಅಕ್ಕಿಕಾಳು ಹೆಂಗ ಹಾಕೂದ್ರಿ?" ಕಳಕಪ್ಪನವರಿಗೆ ಅಳುವೇ ಬಂತು.

ಮುಖ್ಯ ಅತಿಥಿಯಾಗಿದ್ದ ಹಂಪಣ್ಣನವರು ಸಮಾಧಾನ ಹೇಳಿದರು: "ಕೆಮ್ಮು ದೋಷ ಅಂತ ಠರಾವು ಆಗೇತ್ರಿ. ಅರ್ಜಿ ಕೊಡ್ರಿ, ಮುಂದಿನ ಸಭಾದಾಗ ನೋಡೂಣು."

ಪಂಪಾವತಿ ಬಾಸಿಂಗ ಸರಿಸಿದಳು. "ಖಾಜಾ ಕಾಕಾ ಊಟಕ್ಕ ಕುಂತಾರ, ಕರೀರಿ."

ಖಾಜಾಸಾಬರು ಕೈ ತೊಳೆದು ಬಂದರು. "ಬೀಡಿ ಬಿಟ್ಟೀನವಾ. ದವಾಖಾನ್ಯಾಗ ಪೂರಾ ಛಲೋ ಮಾಡ್ಯಾರ." ಆದರೂ ಪ್ರಯತ್ನಿಸಿದರು.

"ಇದು ಬರೇ ಗಂಟಲು ಸರಿ ಮಾಡಿದ್ದು," ಎಂದು ಅಯ್ಯನವರು ತಿರಸ್ಕರಿಸಿದರು.

ಪಂಪಾವತಿ ಅಡುಗೆಯವಳತ್ತ ಕೂಗಿದಳು: "ಮುದಕಮ್ಮವ್ವಾ, ಒಲ್ಯಾಗ ಒಂದ್ ಮುಟಗಿ ಒಣಮೆಣಸಿನಕಾಯಿ ಒಗೀರಿ!"

ಮೊದಲು ಅಯ್ಯನವರು ಕೆಮ್ಮಿದರು, ಆಮೇಲೆ ಇಡೀ ಹಂದರ. ಹಂಪಣ್ಣನವರು ಕೆಮ್ಮಿದ ರಭಸಕ್ಕೆ ಅವರ ಹಾರವೇ ಹರಿಯಿತು. ಅಕ್ಕಿಕಾಳು ಮಳೆಯಂತೆ ಸುರಿದವು. ಪಂಪಾವತಿ ಕಣ್ಣೀರು ಸುರಿಸುತ್ತ ನಗುತ್ತ ತಾಳಿಗೆ ಕೊರಳೊಡ್ಡಿದಳು.

ಮುಂದಿನ ಸಭೆಯಲ್ಲಿ ಸಮಿತಿಯು ಕ್ಯಾಸೆಟ್ಟಿನಲ್ಲಿ ಯಾವ ಲೋಪವೂ ಇಲ್ಲವೆಂದೂ, ಕೆಮ್ಮನ್ನು ಸಾರ್ವಜನಿಕರ ಸಹಭಾಗಿತ್ವಕ್ಕೆ ಬಿಡಲಾಗಿದೆಯೆಂದೂ ಸ್ಪಷ್ಟಪಡಿಸಿತು. ಈಗ ಪ್ರತಿ ಕ್ಯಾಸೆಟ್ಟಿನ ಜೊತೆ ಒಣಮೆಣಸಿನಕಾಯಿಯ ಪೊಟ್ಟಣ ಬರುತ್ತದೆ. ನಮ್ಮ ಕಡೆಯ ಲಗ್ನಪತ್ರಿಕೆಗಳಲ್ಲೂ ಒಂದು ಸಾಲು ಸೇರಿದೆ: "ತಾವು ಸಹಕುಟುಂಬ, ಕರವಸ್ತ್ರ ಸಮೇತ ಆಗಮಿಸಿ ಆಶೀರ್ವದಿಸಬೇಕು."