ಎಗ್ಗರ್ಟ್ ಜೀಪು ಕೊಂಡ ಶುಕ್ರವಾರ

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಯಾಕೆ ಕೊಡಲಿಲ್ಲ ಎಂದು ನಮ್ಮ ಸೆಲ್‌ವಿಕ್ ಊರಿನ ಎಗ್ಗರ್ಟ್ ಎಷ್ಟೋ ಬೇಸಿಗೆಗಳಿಂದ ಕೇಳುತ್ತಲೇ ಇದ್ದ. ಇಗರ್ಜಿಯಲ್ಲಿ ಆರ್ಗನ್ ನುಡಿಸುವವನು ಅವನು. ದೇವರಿಗೆ ಹತ್ತಿರದಲ್ಲೇ ಕೂತು ಕೇಳುತ್ತಿದ್ದರೂ ಉತ್ತರ ಬಂದಿರಲಿಲ್ಲ. ಕೊನೆಗೆ ಆಗಸ್ಟ್ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ಏಳುವಾಗ ತಾನೇ ಒಂದು ಉತ್ತರ ಕಂಡುಕೊಂಡ. ಕಂಡುಕೊಂಡದ್ದರಲ್ಲಿ ತಪ್ಪೇನಿಲ್ಲ. ಆಮೇಲೆ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ಕೂತು ಅದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪು.

"ನಾನು ಇವತ್ತು ಒಂದು ಜೀಪು ತಗೋತೀನಿ."

ತೊಟ್ಟಿಯಲ್ಲಿ ಇನ್ನೂ ಎರಡು ತಲೆಗಳು ತೇಲುತ್ತಿದ್ದವು. ಒಂದು ಪಾದ್ರಿ ಯೋರುಂಡುರ್ ಅವರದು. ಇನ್ನೊಂದು ಗುಡ್‌ಫಿನ್ನಾ ಅಜ್ಜಿಯದು. ಅಜ್ಜಿ ಊರಿನ ಸೂಲಗಿತ್ತಿಯಾಗಿದ್ದವಳು. ಪಾದ್ರಿಯನ್ನೂ ಎಗ್ಗರ್ಟನನ್ನೂ ಈ ಲೋಕಕ್ಕೆ ಎಳೆದುಕೊಂಡವಳು ಅವಳೇ. ಎಳೆದುಕೊಂಡ ಮೇಲೆ ಜವಾಬ್ದಾರಿ ಮುಗಿಯಿತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಜೀಪಾ? ವರ್ಷಕ್ಕೆ ಎಷ್ಟು ಸಲ ಡೇರೆ ಹಾಕೋಕೆ ಹೋಗ್ತೀಯ ಕಂದಾ?" ಅಂದಳು ಅಜ್ಜಿ.

"ಎರಡು ಸಲ. ಬಹಳ ಆದ್ರೆ ಮೂರು."

"ಎರಡು ಲೋಟ ಹಾಲಿಗೆ ಹಸು ಕಟ್ಟಿದ ಹಾಗಾಯ್ತು."

"ಅದಕ್ಕೇ ಮುದಿ ಹಸು ಸಾಕು ಅಂತಿರೋದು. ಸೆಕೆಂಡ್ ಹ್ಯಾಂಡು, ಕೈಗೆಟುಕೋ ಅಂಥದ್ದು. ಆದ್ರೆ ಫೋರ್ ವೀಲ್ ಡ್ರೈವ್ ಇರಬೇಕು. ಸೇತುವೆ ಇಲ್ಲದ ಒಳನಾಡಿನ ದಾರಿಗೆ ಬೇರೆ ಗಾಡಿ ಬಿಡಲ್ಲ."

"ನಿನ್ನ ಭಾವಮೈದುನ ಸ್ಟೀನ್‌ಥೋರ್ ಜೀಪಿಗೆ ಏನಾಗಿದೆ?" ಎಂದು ಪಾದ್ರಿಗಳು ಕೇಳಿದರು.

"ಜೀಪಿಗೆ ಏನೂ ಆಗಿಲ್ಲ ಪಾದ್ರಿಗಳೇ," ಎಂದು ಎಗ್ಗರ್ಟ್ ನಿಟ್ಟುಸಿರು ಬಿಟ್ಟ. ನೀರಿನ ಮೇಲೆ ಸಣ್ಣದೊಂದು ಅಲೆ ಎದ್ದಿತು.

ಮುಂದೆ ಅವನು ಹೇಳಬೇಕಾಗಿರಲಿಲ್ಲ. ಸ್ಟೀನ್‌ಥೋರ್ ಎಗ್ಗರ್ಟನ ಹೆಂಡತಿ ರಾನ್‌ವೇಗ್‌ಳ ಅಣ್ಣ. ಬಂದರಿನಲ್ಲಿ ಕ್ರೇನ್ ನಡೆಸುವವನು, ಕಣಜದ ಬಾಗಿಲಷ್ಟು ಅಗಲದ ಮನುಷ್ಯ, ಹೂವಿನಂಥ ಮನಸ್ಸು. ತನ್ನ ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಬೇಸಿಗೆಯೂ ತಂಗಿಯನ್ನೂ ಭಾವನನ್ನೂ ತನ್ನ ಜೀಪಿನಲ್ಲಿ ಕೂರಿಸಿಕೊಂಡು ಒಳನಾಡಿಗೆ ಕರೆದೊಯ್ಯುತ್ತಿದ್ದ. ಹೊರಟ ಗಳಿಗೆಯಿಂದ ಮರಳುವ ಗಳಿಗೆಯವರೆಗೆ ಹಾಡುತ್ತಿದ್ದ. ಹಾಡಿಗೂ ಅವನಿಗೂ ಯಾವ ಜನ್ಮದ ವೈರವೋ ಗೊತ್ತಿಲ್ಲ. ಕೀರ್ತನೆಯನ್ನು ಶುರುಮಾಡಿದರೆ ಅದು ದಾರಿ ತಪ್ಪಿದ ಕುರಿಯಂತೆ ಗುಡ್ಡ ಹತ್ತಿ, ಕಣಿವೆಗೆ ಬಿದ್ದು, ಯಾವುದೋ ಬೇಲಿಗೆ ಸಿಕ್ಕಿ ಕಿರುಚುತ್ತಿತ್ತು. ಹಿಂದಿನ ಸೀಟಿನಲ್ಲಿ ಮೊಣಕಾಲನ್ನು ಗದ್ದಕ್ಕೆ ಒತ್ತಿ ಕೂತ ಎಗ್ಗರ್ಟನಿಗೆ, ವಾರವಿಡೀ ಶುದ್ಧ ಸ್ವರಗಳ ನಡುವೆ ಬದುಕುವವನಿಗೆ, ಅದು ಹಲ್ಲುನೋವು.

ಒಳನಾಡಿನಲ್ಲೊಂದು ಸರೋವರವಿದೆ. ಅಲ್ಲಿ ಸಂಜೆ ನೀರುಹಕ್ಕಿಯೊಂದು ಕೂಗುತ್ತದಂತೆ. ಕೂಗಿ ಮುಗಿದ ಮೇಲಿನ ಮೌನ ಪ್ರಾರ್ಥನೆಗಿಂತ ಮಿಗಿಲಂತೆ. ಎಗ್ಗರ್ಟ್ ಪ್ರತಿ ವರ್ಷ ಅಲ್ಲಿಗೆ ಹೋಗಿದ್ದಾನೆ. ಹಕ್ಕಿಯನ್ನು ಒಮ್ಮೆಯೂ ಕೇಳಿಲ್ಲ. ಹಕ್ಕಿಗೂ ಸರದಿ ಸಿಗಬೇಕಲ್ಲ.

"ಸಂಜೆಯೊಳಗೆ ಜೀಪು ತಂದ್ರೆ ನಾವಿಬ್ಬರೇ ಹೋಗೋಣ," ಎಂದು ಬೆಳಿಗ್ಗೆ ರಾನ್‌ವೇಗ್ ಮಾತು ಕೊಟ್ಟಿದ್ದಳು. "ತರದಿದ್ರೆ ಅಣ್ಣನ ಜೊತೆ. ಅವನಿಗೆ ಬೇಡ ಅನ್ನೋ ಬಾಯಿ ನನಗಿಲ್ಲ."

ಹೀಗಾಗಿ ಎಗ್ಗರ್ಟ್ ಪಣ ತೊಟ್ಟಿದ್ದ. ಅವನು ನೀರಿನಿಂದೆದ್ದು ಟವೆಲ್ ಹಿಡಿದು ಹೊರಟಾಗ ಹಿಂದೆ ನೀರು ತೊಟ್ಟಿಕ್ಕುವ ಸದ್ದಾಯಿತು. ತಿರುಗಿ ನೋಡಿದರೆ ಪಾದ್ರಿಯೂ ಅಜ್ಜಿಯೂ ಮೇಲೆದ್ದಿದ್ದರು.

"ನಾನೊಬ್ಬನೇ ನೋಡ್ಕೋತೀನಿ," ಅಂದ.

"ನೀನು ಹುಟ್ಟುವಾಗಲೂ ಕಾಲು ಮುಂದಿಟ್ಟುಕೊಂಡು ಒಬ್ಬನೇ ಬರೋಕೆ ಹೋಗಿದ್ದೆ," ಅಂದಳು ಅಜ್ಜಿ. "ಏನಾಯ್ತು ಅಂತ ನಿಮ್ಮಮ್ಮನ್ನ ಕೇಳು."

ಬಂದರಿನ ಪಕ್ಕದಲ್ಲಿ ಹಳೆಯ ಗಾಡಿಗಳ ಅಂಗಳವಿತ್ತು. ಕೆಂಪು ಜೀಪೊಂದು ಮದುವೆಗೆ ಹೊರಟ ಹಾಗೆ ನಿಂತಿತ್ತು. ವ್ಯಾಪಾರಿ ಕೈ ಉಜ್ಜಿಕೊಂಡು ಬಂದ.

"ಒಬ್ಬಳು ಮುದುಕಿ ಓಡಿಸ್ತಿದ್ದಳು. ಭಾನುವಾರ ಇಗರ್ಜಿಗೆ ಹೋಗಿ ಬರೋದು, ಅಷ್ಟೇ."

"ಯಾವ ಇಗರ್ಜಿಗೆ?" ಅಂದರು ಪಾದ್ರಿಗಳು. "ನನ್ನ ಇಗರ್ಜಿಗೆ ಬಂದಿದ್ರೆ ಗೊತ್ತಾಗ್ತಿತ್ತು. ಬರೋದೇ ಆರು ಜನ."

ಅಷ್ಟರಲ್ಲಿ ಅಜ್ಜಿ ಮೊಣಕಾಲೂರಿ, ಚೀಲದಿಂದ ಸ್ವೆಟರ್ ಹೆಣೆಯುವ ಕಡ್ಡಿ ತೆಗೆದು, ಜೀಪಿನ ಹೊಟ್ಟೆಗೆ ಮೆಲ್ಲಗೆ ಚುಚ್ಚಿದಳು. ಕಡ್ಡಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಒಳಗೆ, ಚಾಲಕನ ಕಾಲಿಡುವ ಜಾಗದಲ್ಲಿ ಅದರ ತುದಿ ಕಾಣಿಸಿಕೊಂಡಿತು.

"ಸಮುದ್ರದ ಉಪ್ಪು ತಿಂದು ಹಾಕಿದೆ ಕಂದಾ. ಇಲ್ಲಿ ಕಬ್ಬಿಣಾನೇ ಇಲ್ಲ. ಬಣ್ಣಾನ ಬಣ್ಣವೇ ಹಿಡ್ಕೊಂಡಿದೆ."

"ಅಜ್ಜೀ, ಗಾಡಿಗೆ ತೂತು ಮಾಡಿದ್ರಿ!" ಎಂದು ವ್ಯಾಪಾರಿ ಚೀರಿದ.

"ನಾನು ಮಾಡಲಿಲ್ಲಪ್ಪ, ಹುಡುಕಿದೆ."

ಎಗ್ಗರ್ಟ್ ಧೈರ್ಯಗೆಡಲಿಲ್ಲ. ಮೇಲಿನ ಬೀದಿಯಲ್ಲಿ ಮನೆಗಳಿಗೆ ಬಣ್ಣ ಬಳಿಯುವವನೊಬ್ಬ ತನ್ನ ಜೀಪು ಮಾರುತ್ತಿದ್ದ. ಅದರ ಗಾಲಿಗಳು ಎಗ್ಗರ್ಟನ ಎದೆಯ ಮಟ್ಟಕ್ಕಿದ್ದವು. ಹತ್ತಲು ಪಾದ್ರಿಗಳು ಹಿಂದಿನಿಂದ ಹೆಗಲು ಕೊಟ್ಟು ನೂಕಬೇಕಾಯಿತು.

"ಸ್ವರ್ಗಕ್ಕೆ ಹತ್ತಿಸೋದು ಇದಕ್ಕಿಂತ ಸುಲಭ," ಎಂದು ಅವರು ಏದುಸಿರು ಬಿಟ್ಟರು. "ಈಗ ನೀನು ಪಕ್ಕಕ್ಕೆ ಸರಿ. ಹೊಳೆಗೆ ಇಳಿಸಿ ನೋಡದೆ ಜೀಪು ತಗೋಬಾರದು. ನೀರಲ್ಲಿ ನಿಧಾನಕ್ಕೆ ಎಳೆಯೋ ಕೆಳಗಿನ ಗೇರು ಸರಿ ಇದೆಯಾ ಅಂತ ನಾನು ನೋಡ್ತೀನಿ."

"ದೇವರ ಮೇಲೆ ನಂಬಿಕೆ ಇದ್ರೆ ಸಾಲದಾ?"

"ನಂಬಿಕೆ ಬೇಕು. ಆದ್ರೆ ನಂಬಿಕೆಗೆ ಗೇರ್ ಇಲ್ಲ."

ಇಗರ್ಜಿಯ ಹಿಂದೆ ಹಳ್ಳವೊಂದು ಹರಿಯುತ್ತದೆ. ಮಕ್ಕಳು ಕಾಗದದ ದೋಣಿ ಬಿಡುವ ಹಳ್ಳ. ಆದರೆ ಹಿಂದಿನ ದಿನ ಬೆಟ್ಟದಲ್ಲಿ ಮಳೆಯಾಗಿತ್ತು. ಪಾದ್ರಿಗಳು ಶಿಲುಬೆಯ ಗುರುತು ಮಾಡಿ ಜೀಪನ್ನು ಇಳಿಸಿದರು. ನಡುನೀರಿಗೆ ಬಂದದ್ದೇ ಅದು ಒಮ್ಮೆ ಕೆಮ್ಮಿ, ಒಮ್ಮೆ ನಡುಗಿ, ಧ್ಯಾನಕ್ಕೆ ಕೂತುಬಿಟ್ಟಿತು. ಎಗ್ಗರ್ಟನ ಬೂಟಿನೊಳಗೆ ತಣ್ಣಗೆ ಏನೋ ಹರಿಯಿತು.

ದಡದಲ್ಲಿ ನಿಂತ ಬಣ್ಣದವನು ಕೂಗಿದ: "ಪಾದ್ರಿಗಳೇ, ಕೆಳಗಿನ ಗೇರು ಕೆಟ್ಟಿದೆ ಅಂತ ಹೇಳೋಣ ಅಂತಿದ್ದೆ!"

"ಯಾವಾಗ ಹೇಳೋಣ ಅಂತಿದ್ದೆ?"

"ನೀವು ಆಚೆ ದಾಟಿದ ಮೇಲೆ!"

ಇಬ್ಬರೂ ಜೀಪಿನ ಮೇಲೆ ಹತ್ತಿ ಕೂತರು. ಅಜ್ಜಿ ದಡದ ಕಲ್ಲಿನ ಮೇಲೆ ಕೂತು ಹೆಣೆಯುತ್ತ, "ಕಾಲು ಒದ್ದೆ ಮಾಡ್ಕೋಬೇಡಿ," ಎಂದು ಬುದ್ಧಿ ಹೇಳಿದಳು. ಪಾದ್ರಿಗಳು ನೋಹನ ಕತೆ ಹೇಳತೊಡಗಿದರು. ನೋಹ ನೀರಿಗೆ ಇಳಿಯುವ ಮೊದಲು ನಾವೆಯನ್ನು ಸರಿಯಾಗಿ ನೋಡಿಕೊಂಡಿದ್ದ ಎಂದು ಎಗ್ಗರ್ಟ್ ನೆನಪಿಸಿದ. ಮಧ್ಯಾಹ್ನ ಕಳೆದು ಎಷ್ಟೋ ಹೊತ್ತಾದ ಮೇಲೆ, ಹುಲ್ಲಿನ ಉರುಳೆ ಹೊತ್ತ ಟ್ರ್ಯಾಕ್ಟರೊಂದು ಆ ದಾರಿಯಲ್ಲಿ ಬಂತು. ಕಣಿವೆಯ ರೈತ ಬೆರ್ಗ್‌ಸ್ವೇನ್. ಅವನು ಏನೂ ಕೇಳದೆ ಸರಪಳಿ ಬಿಗಿದು ಜೀಪನ್ನು ಮೇಲಕ್ಕೆಳೆದ. ಆಮೇಲೆ ಕೇಳಿದ:

"ಇಗರ್ಜಿಯೋರಿಗೆ ಜೀಪು ಯಾಕೆ?"

"ನನಗೆ ಬೇಕಾಗಿತ್ತು," ಅಂದ ಎಗ್ಗರ್ಟ್. ಹಲ್ಲು ಕಟಕಟ ಅನ್ನುತ್ತಿತ್ತು. "ಇದಲ್ಲ. ಓಡೋದು."

ಬೆರ್ಗ್‌ಸ್ವೇನ್ ಟೋಪಿ ಸರಿಸಿ ತಲೆ ಕೆರೆದುಕೊಂಡ. "ನನ್ನ ಹತ್ರ ಒಂದಿದೆ. ನಾನು ಅದಕ್ಕಿಂತ ದೊಡ್ಡದು ತಗೊಂಡೆ. ಬಂದು ನೋಡು."

ಮೂವರೂ ಟ್ರ್ಯಾಕ್ಟರಿನ ಹಿಂದೆ ಹುಲ್ಲಿನ ಮೇಲೆ ಕೂತು ಹೋದರು. ಕಣಜದ ಪಕ್ಕದಲ್ಲಿ ಬೂದು ಬಣ್ಣದ ಹಳೆಯ ಜೀಪು, ಬಿಸಿಲಿಗೆ ಬೆನ್ನೊಡ್ಡಿದ ಅಜ್ಜನ ಹಾಗೆ ನಿಂತಿತ್ತು. ಕುರಿಯ ವಾಸನೆ. ಚಾಲಕನ ಕಡೆಯ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಅಜ್ಜಿ ಕಡ್ಡಿ ಚುಚ್ಚಿದಳು, ಟಣ್ ಎಂದಿತು. ಇನ್ನೊಂದು ಕಡೆ ಚುಚ್ಚಿದಳು, ಟಣ್. "ಕಡಲು ಕಂಡಿಲ್ಲ ಇದು," ಎಂದು ಕಡ್ಡಿಯನ್ನು ಚೀಲಕ್ಕೆ ಹಾಕಿದಳು. ಪಾದ್ರಿಗಳು ಕೆಳಗಿನ ಗೇರು ಹಾಕಿ ನೋಡಿದರು, ಈ ಸಲ ಒಣನೆಲದ ಮೇಲೆ. ಎಗ್ಗರ್ಟ್ ಎಂಜಿನ್ನಿಗೆ ಕಿವಿಗೊಟ್ಟ. ಅದು ಒಂದೇ ಶ್ರುತಿಯಲ್ಲಿ, ಮೆತ್ತಗೆ, ಅಲುಗದೆ ಗುಂಯ್‌ಗುಡುತ್ತಿತ್ತು. ಅವನ ಕಣ್ಣು ತೇವವಾಯಿತು.

"ಏನು ಬೆಲೆ?" ಎಂದು ಕೇಳಿಯೇಬಿಟ್ಟ.

ಬೆರ್ಗ್‌ಸ್ವೇನನ ಮುಖ ಗಂಟಿಕ್ಕಿತು. ಬೆಲೆ ಕೇಳುವ ಹೊತ್ತೇ ಅದು? "ಮೊದಲು ಕಾಫಿ. ನೀನು ಯಾರ ಪೈಕಿ?"

ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಹೇಳದೆ ಸೂಜಿಯನ್ನೂ ಕೊಳ್ಳಲಾಗುವುದಿಲ್ಲ. ಎಗ್ಗರ್ಟ್ ಅಪ್ಪನ ಹೆಸರು ಹೇಳಿದ, ಅಜ್ಜನ ಹೆಸರು ಹೇಳಿದ. ಅಲ್ಲಿಗೆ ಅವನ ದಾರಿ ಮುಗಿಯಿತು, ಗುಡ್‌ಫಿನ್ನಾ ಅಜ್ಜಿಯದು ಶುರುವಾಯಿತು. ಯಾವ ಮುತ್ತಜ್ಜಿ ಯಾವ ಕೊಲ್ಲಿಯಿಂದ ದೋಣಿಯಲ್ಲಿ ಬಂದಳು, ಯಾರಿಗೆ ಎರಡನೆಯ ಹೆಂಡತಿಯಾದಳು, ಅವಳಿ ಮಕ್ಕಳಲ್ಲಿ ಯಾವುದು ಉಳಿಯಿತು. ಕಾಫಿಯ ಕೆಟಲು ಎರಡು ಸಲ ಖಾಲಿಯಾಯಿತು. ಸಕ್ಕರೆ ಉದುರಿಸಿದ ತೆಳುದೋಸೆಯ ರಾಶಿ ಕರಗಿತು. ಎಗ್ಗರ್ಟ್ ಗಡಿಯಾರ ನೋಡುತ್ತ ಬೆವರಿದ. ಇನ್ನು ಸ್ವಲ್ಪ ಹೊತ್ತಾದರೆ ಸ್ಟೀನ್‌ಥೋರ್ ಬಂದು ಹಾರನ್ ಹೊಡೆಯುತ್ತಾನೆ.

"ಬಂತು!" ಎಂದು ಅಜ್ಜಿ ಮೇಜು ಕುಟ್ಟಿದಳು. "ನಿಮ್ಮಿಬ್ಬರ ಮುತ್ತಜ್ಜಿಯರು ಅಕ್ಕತಂಗಿ!"

ಬೆರ್ಗ್‌ಸ್ವೇನ್ ಎದ್ದು ಬಂದು ಎಗ್ಗರ್ಟನ ಕೈ ಕುಲುಕಿದ. "ಹಾಗಾದ್ರೆ ನೀನು ನೆಂಟ. ನೆಂಟನ ಹತ್ರ ಜಾಸ್ತಿ ತಗೊಂಡ್ರೆ ಸತ್ತೋರು ಸುಮ್ನಿರಲ್ಲ," ಎಂದು ಎಗ್ಗರ್ಟನ ಸಂಬಳಕ್ಕೆ ಒಗ್ಗುವ ಬೆಲೆಯನ್ನೇ ಹೇಳಿದ.

ಊರಿಗೆ ಮರಳುವ ದಾರಿಯಲ್ಲಿ ಎಗ್ಗರ್ಟ್ ಸ್ಟಿಯರಿಂಗನ್ನು ಪೂಜೆಯ ತಟ್ಟೆಯಂತೆ ಹಿಡಿದಿದ್ದ. ಹಿಂದಿನ ಸೀಟಿನಲ್ಲಿ ಪಾದ್ರಿಯೂ ಅಜ್ಜಿಯೂ ನಿದ್ದೆಹೋಗಿದ್ದರು. ಅವರನ್ನು ಅವರವರ ಬಾಗಿಲಿಗೆ ಇಳಿಸಿ, ಬೆಳಕು ಇನ್ನೂ ಹಾಲಿನಂತೆ ಚೆಲ್ಲಿದ್ದ ಆ ಸಂಜೆ, ಅವನು ತನ್ನ ಮನೆಯ ಮುಂದೆ ಬಂದು ಗೆದ್ದವನಂತೆ ನಿಂತ.

ಮೆಟ್ಟಿಲ ಮೇಲೆ ಡೇರೆ, ಹೊಗೆಯಾಡಿಸಿದ ಕುರಿಮಾಂಸದ ಡಬ್ಬಿ, ರೈ ರೊಟ್ಟಿ, ಎಲ್ಲ ಸಿದ್ಧವಾಗಿದ್ದವು. ಪಕ್ಕದಲ್ಲಿ ಒಂದು ಮಡಿಸುವ ಕುರ್ಚಿ. ಕುರ್ಚಿಯ ಮೇಲೆ ಸ್ಟೀನ್‌ಥೋರ್.

"ಭಾವಾ!" ಎಂದು ಅವನು ಎದ್ದು ಬಂದು ಎಗ್ಗರ್ಟನನ್ನು ನೆಲದಿಂದ ಎತ್ತಿ ಅಪ್ಪಿಕೊಂಡ. ಕಣ್ಣಲ್ಲಿ ನೀರಿತ್ತು. "ಬೆಳಿಗ್ಗೆ ರಾನ್‌ವೇಗ್ ಫೋನ್ ಮಾಡಿದ್ಲು, ಭಾವ ಜೀಪು ತಗೋತಾನೆ, ನೀನು ಗಾಡಿ ತರಬೇಡ ಅಂತ. ನನಗೆ ಎಲ್ಲ ಅರ್ಥವಾಯ್ತು."

"ಅರ್ಥವಾಯ್ತಾ?" ಅಂದ ಎಗ್ಗರ್ಟ್. ಕಾಲು ಇನ್ನೂ ನೆಲಕ್ಕೆ ತಾಗಿರಲಿಲ್ಲ.

"ವರ್ಷವರ್ಷ ನಾನೇ ಓಡಿಸಿ ಓಡಿಸಿ ಸಾಕಾಗಿದೆ ಅಂತ ನೀನು ನೋಡಿದೀಯ. ಬಾಯಲ್ಲಿ ಆಡಲಿಲ್ಲ, ಮಾಡಿ ತೋರಿಸಿದೆ. ಒಂದು ಮನೆಗೆ ಎರಡು ಜೀಪು ಯಾಕೆ ಹೇಳು? ಮಧ್ಯಾಹ್ನವೇ ನನ್ನದನ್ನ ಮಾರಿಬಿಟ್ಟೆ. ಕಣಿವೆ ಬೆರ್ಗ್‌ಸ್ವೇನ್ ಇಲ್ವಾ, ಅವನಿಗೆ. ತನ್ನ ಹಳೇದು ಯಾರಿಗಾದ್ರೂ ದಾಟಿಸ್ತೀನಿ ಅಂತಿದ್ದ." ಅಷ್ಟು ಹೇಳಿ ಅವನು ಬೂದು ಜೀಪಿನ ಕಡೆ ತಿರುಗಿದ. "ಅಯ್ಯೋ, ಇದೇ ಅಲ್ವಾ ಅದು?"

ಎಗ್ಗರ್ಟ್ ಹೆಂಡತಿಯ ಕಡೆ ನೋಡಿದ. ರಾನ್‌ವೇಗ್ ಬೂಟಿನ ದಾರ ಕಟ್ಟುತ್ತಿದ್ದಳು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಎಗ್ಗರ್ಟ್ ಛಲ ಬಿಡುವವನಲ್ಲ. "ಸ್ಟೀನ್‌ಥೋರ್, ನಿಜ ಹೇಳಬೇಕು ಅಂದ್ರೆ..."

"ಹೇಳಬೇಡ ಭಾವ," ಎಂದು ಸ್ಟೀನ್‌ಥೋರ್ ಮೂಗು ಒರೆಸಿಕೊಂಡ. "ನನಗೆ ಹೀಗೆ ಯಾರೂ ಮಾಡಿರಲಿಲ್ಲ. ಅವಳು ಹೋದ ಮೇಲೆ ಯಾರೂ ಮಾಡಿರಲಿಲ್ಲ."

ಆಮೇಲೆ ಯಾರು ತಾನೇ ನಿಜ ಹೇಳುತ್ತಾರೆ?

ಎಗ್ಗರ್ಟ್ ತಾನೇ ಓಡಿಸಿದ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮೊದಲ ಹೊಳೆಯವರೆಗೆ ಓಡಿಸಿದ. ಹಗಲ ಬಿಸಿಲಿಗೆ ಕರಗಿದ ಹಿಮವೆಲ್ಲ ಆ ಹೊತ್ತಿಗೆ ಹೊಳೆಗೆ ಬಂದು, ನೀರು ಕಂದುಬಣ್ಣಕ್ಕೆ ತಿರುಗಿ ಮೊರೆಯುತ್ತಿತ್ತು. ಸ್ಟೀನ್‌ಥೋರ್ ಅವನ ತೋಳಿನ ಮೇಲೆ ಕೈಯಿಟ್ಟ.

"ಇದೊಂದನ್ನ ನಾನು ದಾಟಿಸ್ತೀನಿ ಭಾವ. ಕಲ್ಲು ಎಲ್ಲೆಲ್ಲಿದೆ ಅಂತ ನನಗೆ ಗೊತ್ತು."

"ಜೀಪು ನನ್ನದು."

"ಗಂಡ ಕೂಡ ನನ್ನವನು," ಅಂದಳು ಹಿಂದಿನಿಂದ ರಾನ್‌ವೇಗ್. "ಮುಳುಗೋದು ಬೇಡ. ಇಳಿ."

ಆ ಹೊಳೆ ದಾಟಿದರೆ ಮುಂದಿನ ತಿರುವಿನಲ್ಲೇ ಇನ್ನೊಂದು. ಅದರಾಚೆ ಮತ್ತೊಂದು. ಇಷ್ಟಕ್ಕೆ ಇಳಿದು ಹತ್ತುವುದು ಯಾಕೆಂದು ಸ್ಟೀನ್‌ಥೋರ್ ಅಲ್ಲೇ ಉಳಿದ. ಓಡಿಸುವವನ ಬಾಗಿಲನ್ನು ಹೊರಗಿನಿಂದ ತೆರೆಯಲು ಜನ ಬೇಕೆಂದು ರಾನ್‌ವೇಗ್ ಅಣ್ಣನ ಪಕ್ಕ ಕೂತಳು. ಎಗ್ಗರ್ಟ್ ಹಿಂದಿನ ಸೀಟಿನಲ್ಲಿ, ಡೇರೆಯ ಕಂಬಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೊಣಕಾಲುಗಳನ್ನು ಗದ್ದಕ್ಕೆ ತಂದುಕೊಂಡ. ದೂರದಲ್ಲಿ ಸರೋವರ ತಟ್ಟೆಯಂತೆ ಹೊಳೆಯುತ್ತಿತ್ತು. ಎಲ್ಲೋ ಒಂದು ಹಕ್ಕಿ ಕತ್ತು ಚಾಚಿ ಕೂಗಲು ಅಣಿಯಾಗಿದ್ದಿರಬೇಕು.

"ಭಾವ," ಎಂದು ಸ್ಟೀನ್‌ಥೋರ್ ಹಿಂದೆ ತಿರುಗಿ ಹಿಗ್ಗಿನಿಂದ ಹೇಳಿದ, "ಎಂಥಾ ಗಾಡಿ ಹುಡುಕಿದೀಯ! ನನ್ನದರ ಎಂಜಿನ್ ಬೊಬ್ಬೆಯಲ್ಲಿ ನನ್ನ ದನಿ ಅರ್ಧಕ್ಕರ್ಧ ಮುಳುಗಿಹೋಗ್ತಿತ್ತು. ಇದು ನೋಡು, ಗರ್ಭಗುಡಿ ಹಾಗೆ! ಪಿಸುಗುಟ್ಟಿದ್ರೂ ಕೇಳುತ್ತೆ. ಎಲ್ಲಿ, ಶ್ರುತಿ ಕೊಡು."

ಎಗ್ಗರ್ಟ್ ಕಣ್ಣು ಮುಚ್ಚಿದ. ಕೊಡದೆ ಇರುವುದು ಪಾಪವೋ ಕೊಡುವುದು ಪಾಪವೋ ಎಂದು ಒಂದು ಗಳಿಗೆ ಯೋಚಿಸಿ, ದೇವರಿಗೆ ಬಿಟ್ಟು, ಶುದ್ಧವಾದ ಒಂದು ಸ್ವರವನ್ನು ಮೆಲ್ಲಗೆ ಹಿಡಿದು ಕೊಟ್ಟ.

ಸ್ಟೀನ್‌ಥೋರ್ ಹಾಡತೊಡಗಿದ. ಆ ಸ್ವರವನ್ನು ಮಾತ್ರ ತೆಗೆದುಕೊಳ್ಳಲಿಲ್ಲ.