ನೆಲದ ಮನೆಯ ಆಸೆ

ಊಟಕ್ಕೆ ಕೂತಾಗ ಹೆಂಡತಿ "ಮೇಲಿನ ಮನೇನೇ ಇರ್ಲಿ ಕಣ್ರೀ" ಅಂದದ್ದೇ ಎಲ್ಲಕ್ಕೂ ಮೂಲ.

ಏಳು ಮಹಡಿಯ ಆ ಕಟ್ಟಡದಲ್ಲಿ ಎರಡು ಮನೆ ಖಾಲಿ ಇದ್ದವು. ಒಂದು ನೆಲಕ್ಕೆ ಅಂಟಿಕೊಂಡದ್ದು, ಇನ್ನೊಂದು ತುತ್ತತುದಿಯದು. ಬಾಡಿಗೆ ಎರಡಕ್ಕೂ ಒಂದೇ. ಯಾವುದು ಬೇಕೆಂದು ಮರುದಿನ ಮಧ್ಯಾಹ್ನದೊಳಗೆ ಹೇಳಬೇಕು ಅಂತ ಮನೆಯೊಡತಿ ಗಡುವು ಕೊಟ್ಟಿದ್ದಳು.

ಹೆಂಡತಿಯ ಆಸೆಗೆ ಕಾರಣವಿತ್ತು. ಈಗಿನ ಮನೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ; ಗೋಡೆಯ ಮೇಲೊಂದು ಹಲ್ಲಿ. "ಅದರ ಮುಖ ನೋಡಿ ನೋಡಿ ಸಾಕಾಯ್ತು. ಇನ್ನಾದ್ರೂ ಒಂದಿಷ್ಟು ಆಕಾಶ ನೋಡ್ತೀನಿ."

ಅವನಿಗೂ ಕಾರಣವಿತ್ತು. ಅವನು ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಕತ್ತಲ ಬಾವಿಯಂಥ ಸಂದಿಯಲ್ಲಿ ಬಾವಲಿಯ ಹಾಗೆ ಜೋತಾಡುವವನು. ಸಂಜೆ ಬಂದರೆ ಚಪ್ಪಲಿ ಬಿಟ್ಟು ನೇರ ನೆಲದ ಮೇಲೆ ಕಾಲಿಡಬೇಕು, ಲಿಫ್ಟಿನ ಮುಖ ಮತ್ತೆ ನೋಡಬಾರದು ಎಂಬುದೊಂದೇ ಅವನ ಆಸೆ. ಸಾಲದ್ದಕ್ಕೆ, ಈಗಿನ ಬೀದಿಯವರು ಮಿಕ್ಸಿ ನಿಂತರೂ ಬೀಗ ಜಾಮಾದರೂ "ಲಿಫ್ಟಣ್ಣಾ" ಅಂತ ಭಾನುವಾರವೇ ಬಾಗಿಲು ಬಡಿಯುತ್ತಿದ್ದರು.

"ಹೊಸ ಮನೆ ಹತ್ರ ನನ್ನ ಕೆಲಸದ ವಿಷಯ ಬಾಯಿ ಬಿಡ್ಬೇಡ. ಕಂಪನೀಲಿದ್ದಾರೆ ಅಂದ್ರೆ ಸಾಕು," ಎಂದು ಹೆಂಡತಿಗೆ ತಾಕೀತು ಮಾಡಿದ್ದ.

ವಾದಕ್ಕಿಳಿದರೆ ಅವಳೇ ಗೆಲ್ಲುತ್ತಾಳೆಂದು ಗೊತ್ತಿದ್ದುದರಿಂದ ಅವನು ಒಂದು ಉಪಾಯ ಹೂಡಿದ. "ನಾಳೆ ಹನ್ನೊಂದಕ್ಕೆ ಅಲ್ಲಿಗೆ ಬಾ, ಇನ್ನೊಂದ್ಸಲ ನೋಡಿಬಿಡೋಣ" ಎಂದು ಹೇಳಿ, ತಾನು ಬೆಳಿಗ್ಗೆಯೇ ಹೊರಟ. ಲಿಫ್ಟ್ ನಿಂತಿರಬೇಕು, ಅವಳು ಏಳು ಮಹಡಿ ಹತ್ತಬೇಕು, ಏದುಸಿರು ಬಿಡಬೇಕು, "ಬೇಡಪ್ಪಾ ಈ ಆಕಾಶ" ಅನ್ನಬೇಕು. ಇಷ್ಟೇ.

ಅದು ಅವನ ಕಂಪನಿಯದೇ ಲಿಫ್ಟು. ಕಂಪನಿಯ ಯಂತ್ರದ ಕೋಣೆಗಳಿಗೆಲ್ಲ ಒಂದೇ ಥರದ ಕೀಲಿ, ಅದು ಅವನ ಜೇಬಿನಲ್ಲಿ. ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ಮೇನ್ ಸ್ವಿಚ್ಚು ಕೆಳಗಿಳಿಸಿದ. "ಒಳಗೆ ಯಾರಾದ್ರೂ ಇದ್ದಾರಾ ನೋಡಿ, ಆಮೇಲೆ ಸ್ವಿಚ್ಚಿಗೆ ಕೈ ಹಾಕ್ರೋ" ಎಂದು ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಗಿಣಿಪಾಠ ಒಪ್ಪಿಸುತ್ತಿದ್ದವನು ತಾನೇ ಅದನ್ನು ಮರೆತ. ಕಳ್ಳನಿಗೆ ಅವಸರ ಜಾಸ್ತಿ.

ಇಳಿದು ಬರುವಾಗ ನಾಲ್ಕನೆಯ ಮಹಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮಂಡಿ ಹಿಡಿದುಕೊಂಡು ಅಡ್ಡ ನಿಂತಿದ್ದರು.

"ಮನೆಗೆ ಬರೋರು ನೀವೇನಾ? ಏನು ಕೆಲಸ?"

"ಕಂಪನೀಲಿದ್ದೀನಿ."

"ಯಾವ ಮನೆ ಹಿಡೀತೀರಿ?"

"ನೆಲದ್ದು ಅಂತ ಯೋಚನೆ."

ಹುಡುಗ ತಪ್ಪು ಉತ್ತರ ಕೊಟ್ಟನೆಂಬಂತೆ ಮೇಷ್ಟ್ರು ಕಣ್ಣು ಮುಚ್ಚಿದರು. "ಛೆ ಛೆ! ಅಲ್ಲಿ ಇಲಿಗಳಿವೆ ಕಣ್ರೀ. ಅವಕ್ಕೆ ಹೆದರಿ ಬೆಕ್ಕುಗಳೇ ಮೇಲಿನ ಮಹಡಿಗೆ ಮನೆ ಬದಲಾಯಿಸಿವೆ. ಸೊಳ್ಳೆ ವಿಷಯ ನಾನಿನ್ನೂ ಹೇಳಿಲ್ಲ."

ಸೊಳ್ಳೆ ವಿಷಯ ಮುಗಿದು ತೇವದ ವಿಷಯಕ್ಕೆ ಬರುವ ಹೊತ್ತಿಗೆ ಕೆಳಗಿನಿಂದ ದಬದಬ ಸದ್ದು ಕೇಳಿಸಿತು. ಇಬ್ಬರೂ ಇಳಿದು ನೋಡಿದರೆ, ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಗಂಟಲಲ್ಲಿ ಸಿಕ್ಕಿದ ತುತ್ತಿನ ಹಾಗೆ ನಿಂತಿತ್ತು.

"ಯಾರಾದ್ರೂ ಇದ್ದೀರಾ? ಫೋನಿಗೆ ಸಿಗ್ನಲ್ಲೂ ಇಲ್ಲ!"

ಅವನು ತಕ್ಷಣ ಗುರುತಿಸಿದ. "ಒದ್ದೆ ಟವೆಲ್ ಎಲ್ಲಿ ಬಿಸಾಕಿದ್ರಿ?" ಎಂದು ದಿನಾ ಕೇಳುವ ದನಿ ಅದು.

ಅಕ್ಕಪಕ್ಕದವರೆಲ್ಲ ಸೇರಿದರು. ಎರಡನೆಯ ಮಹಡಿಯ ಹಲ್ಲಿನ ಡಾಕ್ಟರು, "ಕಂಪನಿಗೆ ಫೋನ್ ಮಾಡಿದ್ದೀನಿ. ಅಷ್ಟರಲ್ಲಿ ನನ್ನ ಇಕ್ಕಳದಲ್ಲಿ ಬಾಗಿಲು ಕಿತ್ತು ನೋಡ್ಲಾ? ನೋವಾಗಲ್ಲ," ಅಂದರು.

"ಬೇಡ!" ಮೇಷ್ಟ್ರು ಕೈಯೆತ್ತಿದರು. "ಒಳಗಿರೋರೆಲ್ಲ ಒಟ್ಟಿಗೆ ಜಿಗೀರಿ! ಭಾರಕ್ಕೆ ತಾನಾಗೇ ಇಳಿಯುತ್ತೆ!"

"ಯಾರೂ ಜಿಗೀಬೇಡಿ!" ಎಂದು ಅವನು ಮೂಗು ಹಿಡಿದುಕೊಂಡು ಬೇರೆ ದನಿಯಲ್ಲಿ ಕೂಗಿದ. ಮೆಲ್ಲಗೆ ಮೇಲೆ ಜಾರಿಕೊಳ್ಳೋಣವೆಂದು ಒಂದು ಮೆಟ್ಟಿಲು ಹತ್ತಿದ್ದನೋ ಇಲ್ಲವೋ, ಜೇಬಿನಲ್ಲಿದ್ದ ಫೋನು ಕೋಳಿಯ ಹಾಗೆ ಕೂಗಿತು. ಕಂಪನಿಯ ಮೇಸ್ತ್ರಿಯದು.

"ಲೋ, ಎಲ್ಲಿ ಸತ್ತಿದ್ದೀಯಾ? ನಿನ್ನ ಏರಿಯಾದಲ್ಲೇ ಲಿಫ್ಟ್ ನಿಂತಿದೆಯಂತೆ, ಓಡು!"

ಅವನು ಉತ್ತರ ಕೊಡುವ ಮೊದಲೇ ಲಿಫ್ಟಿನೊಳಗಿಂದ ಕಿರುಚಾಟ. "ಅದು ನಮ್ಮನೆ ಕೋಳಿ! ರೀ, ಬಂದ್ರಾ? ಅಮ್ಮಾ, ಅಳ್ಬೇಡಿ, ನಾನು ಹೇಳ್ಲಿಲ್ವಾ? ಲಿಫ್ಟ್ ರಿಪೇರೀಲಿ ಇವರನ್ನ ಮೀರಿಸೋರೇ ಇಲ್ಲ!"

ಎಲ್ಲರ ಕಣ್ಣೂ ಅವನ ಮೇಲೆ. "ಕಂಪನೀಲಿದ್ದೀನಿ ಅಂದ್ರಿ!" ಎಂದು ಮೇಷ್ಟ್ರು ಅರಳಿದರು. "ಇಂಥ ಕಂಪನಿ ಅಂತ ಮೊದಲೇ ಹೇಳ್ಬಾರ್ದೇ?"

ಅವನು ತಾರಸಿಗೆ ಓಡಿ ಸ್ವಿಚ್ಚು ಎತ್ತಿದ. ಭಾರೀ ರಿಪೇರಿ ಮಾಡಿದವನಂತೆ ಕಾಣಲಿ ಎಂದು ಕೆನ್ನೆಗಿಷ್ಟು ಗ್ರೀಸು ಬಳಿದುಕೊಂಡು ಇಳಿದು ಬಂದ. ಕೆಳಗೆ ಲಿಫ್ಟಿನ ಬಾಗಿಲ ಮುಂದೆ ಹೆಂಡತಿ ಮತ್ತು ಮನೆಯೊಡತಿ ಕೈಕೈ ಹಿಡಿದು ನಿಂತಿದ್ದರು. ಅವನು ಹೆಂಡತಿಯನ್ನು ಪಕ್ಕಕ್ಕೆ ಕರೆದ.

"ನೋಡಿದ್ಯಾ? ಮೇಲಿನ ಮನೆ ಅಂದ್ರೆ ಇದೇ ಪಾಡು. ನೆಲದ್ದೇ ಹಿಡಿಯೋಣ."

ಅವಳು ಕರವಸ್ತ್ರದಿಂದ ಅವನ ಕೆನ್ನೆ ಒರೆಸಿದಳು. "ನಾನು ಬೇಗ ಬಂದಿದ್ದೇ ಅದಕ್ಕೆ ಕಣ್ರೀ. ನಿನ್ನೆ ನಿಮ್ಮ ಮುಖ ಸಪ್ಪಗಾಗಿದ್ದು ನೋಡಿ, ಹಾಳಾಗ್ಲಿ, ಅಲ್ಲೂ ಹಲ್ಲಿ ಜೊತೇಲೇ ಇರೋಣ, ನೆಲದ್ದೇ ಇರ್ಲಿ ಅಂದ್ಕೊಂಡೆ. ಅಮ್ಮನವರಿಗೆ ಹೇಳಿ ಒಪ್ಪಿಸಿಯೂ ಆಗಿತ್ತು. ಮೇಲಿನ ಕಿಟಕಿಯನ್ನ ಒಂದ್ಸಲ ನೋಡ್ಕೊಂಡಾದ್ರೂ ಹೋಗು ಅಂತ ಅವರೇ ಕರ್ಕೊಂಡು ಹೊರಟ್ರು. ಅಷ್ಟರಲ್ಲಿ ಇದು ನಿಂತ್ಹೋಯ್ತು."

"ಹಾಗಾದ್ರೆ ನೆಲದ್ದು ನಮಗೇ..."

"ಆಗಿತ್ತು. ಆದ್ರೆ ಒಳಗೆ ಇವರು ಅಳೋಕೆ ಶುರು ಮಾಡಿದ್ರಲ್ಲ, ಧೈರ್ಯಕ್ಕೆ ಅಂತ ನಿಮ್ಮ ಕೆಲಸ ಹೇಳ್ಬೇಕಾಯ್ತು."

ಮನೆಯೊಡತಿ ಮುಂದೆ ಬಂದಳು. "ಇಂಥ ಕೈಗುಣದವರು ನೆಲದಲ್ಲಿದ್ರೆ ಹೇಗಪ್ಪಾ? ತಾರಸೀಲಿರೋ ಯಂತ್ರದ ಕೋಣೆಯ ಕೆಳಗೇ ನೀವಿರ್ಬೇಕು. ಏಳನೇ ಮಹಡಿ ನಿಮಗೇ. ನೆಲದ್ದು ಮೇಷ್ಟ್ರಿಗೆ ಕೊಟ್ಬಿಟ್ಟೆ. ಪಾಪ, ಮಂಡಿ ನೋವು ಅಂತ ಯಾವ ಕಾಲದಿಂದಲೋ ಕೇಳ್ತಿದ್ರು."

ಅವನು ಮೇಷ್ಟ್ರ ಕಡೆ ತಿರುಗಿದ.

"ಇಲಿಗಳನ್ನ ನಾನು ಹೇಗೋ ಸಂಭಾಳಿಸ್ತೀನಿ ಬಿಡಿ," ಎಂದರು ಮೇಷ್ಟ್ರು ತ್ಯಾಗಿಯ ಮುಖ ಮಾಡಿಕೊಂಡು.

ಮನೆಯೊಡತಿ ಯಂತ್ರದ ಕೋಣೆಯ ಕೀಲಿಯನ್ನು ಅವನ ಕೈಯಲ್ಲಿಟ್ಟು ಬೆರಳು ಮಡಿಸಿದಳು. ಅವನ ಬಳಿ ಈಗ ಅಂಥವು ಎರಡಾದವು.

"ನೀವೇ ಮೇಲಿದ್ದರೆ ಇನ್ನು ಯಾವತ್ತೂ ಹೀಗಾಗಲ್ಲ, ಅಲ್ವಾ?"

"ಆಗಲ್ಲಮ್ಮ," ಎಂದ ಅವನು. ಬೆಳಗಿನಿಂದ ಅವನು ಆಡಿದ ಮಾತುಗಳಲ್ಲಿ ಅದೊಂದೇ ನಿಜ.