ಗೋಣೆಪ್ಪ ಬರೆದ ವ್ಯತ್ಯಯ

‘ಗದಗ ಬಸ್ಸು ಇಲ್ಲ’ ಎಂದು ಹಲಗೆಯ ಮೇಲೆ ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕನ್ನಡನಾಡು ಒಂದಾಗಿ ಇನ್ನೂ ತಿಂಗಳಾಗಿರಲಿಲ್ಲ. ಮುಂಡರಗಿ ಬಸ್‌ಸ್ಟ್ಯಾಂಡಿನ ಗುಮಾಸ್ತ ಗೋಣೆಪ್ಪನಿಗೆ ಕನ್ನಡದ ಉಮೇದು ನೆತ್ತಿಗೇರಿತ್ತು. ‘ಗದಗ ಬಸ್ ಸಂಚಾರದಲ್ಲಿ ವ್ಯತ್ಯಯ’ ಎಂದು ದುಂಡಗೆ ಬರೆದು, ಹಿಂದೆ ಸರಿದು ನೋಡಿ ಹಿಗ್ಗಿದ. ಅಂದು ಮಧ್ಯಾಹ್ನ ಶಿಗ್ಲಿಯಿಂದ ಹೆಣ್ಣಿನ ತಂದೆ ಅವನನ್ನು ನೋಡಲು ಬರುವವರಿದ್ದರು. ವಯಸ್ಸು ಮೂವತ್ತು ದಾಟಿತ್ತು. ಇದೂ ತಪ್ಪಿದರೆ ಇನ್ನೊಂದು ಸಂಬಂಧ ಬರುವ ಭರವಸೆ ಪಾಪ ಅವನಿಗಿರಲಿಲ್ಲ.

ವ್ಯತ್ಯಯ ಬರುತ್ತದೆಂದು ಮಂದಿ ಗಂಟುಮೂಟೆ ಹಿಡಿದು ಕಾಯುತ್ತ ಕೂತರು.

“ಎಷ್ಟೊತ್ತಿಗೆ ಬರತೈತ್ರಿ ಅದು?” ಎಂದಳು ಮುದುಕಿ ತಿಪ್ಪವ್ವ.

“ಬಸ್ ಕೆಟ್ಟೈತಿ ಆಯಿ, ಬರೂದಿಲ್ಲ. ಮರ್ಯಾದಿಲೆ ಹೇಳೂ ಮಾತು ಅದು. ‘ಇಲ್ಲ’ ಅಂದ್ರ ಮಂದಿ ಸಿಟ್ಟಾಗ್ತಾರ. ‘ವ್ಯತ್ಯಯ’ ಅಂದ್ರ ಯಾರಿಗೂ ಸಿಟ್ಟು ಬರಂಗಿಲ್ಲ,” ಎಂದ ಗೋಣೆಪ್ಪ.

ಮಾತು ಎಲ್ಲರಿಗೂ ಹಿಡಿಸಿತು. ಬಸ್ಸಿನ ಬದಲು ಅದನ್ನೇ ಹತ್ತಿಕೊಂಡು ಊರೊಳಗೆ ಹೊರಟರು.

ಮಧ್ಯಾಹ್ನ ಕ್ಷೌರಿಕ ಹೇಮಪ್ಪ ಗೋಣೆಪ್ಪನ ಒಂದು ಕೆನ್ನೆ ಬೋಳಿಸಿ ಕತ್ತಿ ಮಡಚಿದ.

“ಏಳ್ರಿ ಗೋಣೆಪ್ಪಾರ. ಡಂಬಳಕ್ಕ ಚಕ್ಕಡಿ ಹೊಂಟೈತಿ, ನಾನೂ ಹೋಗಬೇಕು. ಉಳಿದ ಗಡ್ಡ ವ್ಯತ್ಯಯ.”

ಸಿಟ್ಟಾಗುವಂತಿರಲಿಲ್ಲ. ಬೀಗರಾಗುವವರಿಗೆ ಚಹಾ ಒಯ್ಯೋಣವೆಂದರೆ ಹೋಟೆಲಿನ ಮರ್ದಾನಸಾಬ ಖಾಲಿ ಕಿಟ್ಲಿ ಅಲ್ಲಾಡಿಸಿ, “ಹಾಲು ವ್ಯತ್ಯಯ ಐತಿ ಮಾಲಕ” ಎಂದು ನಕ್ಕ.

ಮನೆಗೆ ಬಂದರೆ ಶಿಗ್ಲಿಯ ಮೈಲಾರಲಿಂಗಪ್ಪ ಆಗಲೇ ಕಂಬಳಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಗೋಣೆಪ್ಪ ಬೋಳಿಸದ ಕೆನ್ನೆಗೆ ಅಂಗೈ ಆನಿಸಿ, ಹಲ್ಲುನೋವಿನವನಂತೆ ಎದುರಿಗೆ ಕೂತ. ಹಿರಿಯರು ಏನೋ ಹೇಳಹೋಗಿ ತಡೆದು, ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು.

“ಊರ ತುಂಬ ಅದೇನೋ ವ್ಯತ್ಯಯ ಅಂತಾರಲ್ಲ, ಏನ್ರಿ ಅದು?”

ಗೋಣೆಪ್ಪ ಅರಳಿದ. ತಿಪ್ಪವ್ವನಿಗೆ ಹೇಳಿದ್ದನ್ನು ಇನ್ನೂ ಚಂದ ಮಾಡಿ ಹೇಳಿದ. ಮೈಲಾರಲಿಂಗಪ್ಪನವರ ಮುಖದ ಮೇಲಿನ ಭಾರ ಇಳಿಯಿತು.

“ಭಾಳ ಉಪಕಾರ ಆತು, ತಮ್ಮಾ,” ಎಂದು ದನಿ ತಗ್ಗಿಸಿದರು. “ನಿನ್ನೆ ನಮ್ಮ ಹುಡುಗೀನ ಲಕ್ಷ್ಮೇಶ್ವರದವರಿಗೆ ಕೊಡೂದು ಗಟ್ಟಿ ಆತು. ನಿಮ್ಮವ್ವಗ ಹೆಂಗ ಹೇಳಲಿ ಅಂತ ದಾರಿಯುದ್ದಕ್ಕೂ ಒದ್ದಾಡಿದೆ.”

ಎದ್ದು ಅಡಿಗೆಮನೆಯ ಬಾಗಿಲಲ್ಲಿ ಕೈಮುಗಿದರು. “ಬರ್ತೀನ್ರಿ ಕಳಕವ್ವಾರ. ಸಂಬಂಧದಾಗ ವ್ಯತ್ಯಯ ಐತ್ರಿ.”

ಬೆಳಗಿನಿಂದ ಒಲೆಯ ಮುಂದೆಯೇ ಇದ್ದು, ಹೊರಗಿನ ಮಾತು ಕಿವಿಗೆ ಬೀಳದ ಕಳಕವ್ವ ಆ ಮಾತನ್ನು ಕೇಳಿದ್ದು ಅದೇ ಮೊದಲು. ಹಿರಿಯರು ಓಣಿ ತಿರುಗುವ ಮೊದಲೇ ಸಕ್ಕರೆ ಡಬ್ಬಿ ಹಿಡಿದು ಓಡಿಬಂದು, ಮಗನ ಬಾಯಿಗೆ ಒಂದು ಹಿಡಿ ತುಂಬಿ ಅಂಗಳಕ್ಕಿಳಿದು ನೆರೆಮನೆಯವಳನ್ನು ಕೂಗಿದಳು.

“ಸಾವಿತ್ರೆವ್ವಾ, ಜಲ್ದಿ ಬಾ! ಬಾಯಿ ಸಿಹಿ ಮಾಡ್ಕೋ! ಸರಕಾರಿ ಮಾತಿನ್ಯಾಗ ಒಪ್ಪಿಗಿ ಕೊಟ್ಟು ಹೋದ್ರು!”

ಬಾಯ್ತುಂಬ ಸಕ್ಕರೆ ಇದ್ದ ಗೋಣೆಪ್ಪನಿಗೆ ‘ಇಲ್ಲ’ ಎನ್ನಲಾಗಲಿಲ್ಲ.